ಕಾಗೆ ಅನ್ನುವ ಹೆಸರು ಅದರ ಕೂಗಿನಿಂದಲೇ ಬಂತಾ?

ನಿನ್ನೆ ಅಡುಗೆಮನೆ ಕಿಟಕಿಯಲ್ಲಿ ಕಾಗೆ ಕೂತು ಒಂದೇ ಸಮ ಕೂಗುತ್ತಿತ್ತು. ಆರು ವರ್ಷದ ಮಗಳು "ಅಮ್ಮಾ, ಅದು ತನ್ನ ಹೆಸರನ್ನೇ ಹೇಳುತ್ತಿದೆ" ಎಂದಳು. ನಾನು ಶಾಲೆಯಲ್ಲಿ ಓದಿದ್ದು, ಕಾಗೆ ಸಂಸ್ಕೃತದ ಕಾಕದ ತದ್ಭವ ಅಂತ. ಯಾವುದು ಸರಿ? ಇಂಥ ಹೆಸರು ಬೇರೆ ಪ್ರಾಣಿಗಳಿಗೂ ಇವೆಯಾ?

ಪದಬುಟ್ಟಿ:
ಮಗಳು ಸರಿಯಾಗಿಯೇ ಹಿಡಿದಿದ್ದಾಳೆ. ಸಂಸ್ಕೃತದ ಕಾಕವೂ ಆ ಕೂಗಿನ ಅನುಕರಣೆಯೇ ಅಲ್ವಾ? ತಮಿಳಲ್ಲಿ ಕಾಕ್ಕೈ, ತೆಲುಗಲ್ಲಿ ಕಾಕಿ, ತುಳುವಿನಲ್ಲಿ ಕಕ್ಕೆ. ಬರೋ ಮತ್ತು ಎಮನೋ ಅವರ ದ್ರಾವಿಡ ನಿಘಂಟು (1984ರ ಆವೃತ್ತಿ) ನಮ್ಮ ಕಾಗೆಯನ್ನು ಇವುಗಳ ಸಾಲಿನಲ್ಲೇ ಇಟ್ಟಿದೆ. ಸದ್ದಿನಿಂದ ಹುಟ್ಟಿದ ಪದಗಳ ತೊಡಕೇ ಇದು, ಎರಡು ಭಾಷೆಯಲ್ಲಿ ಒಂದೇ ಥರ ಇದೆ ಅಂದ ಮಾತ್ರಕ್ಕೆ ಒಬ್ಬರಿಂದ ಇನ್ನೊಬ್ಬರು ಸಾಲ ತಂದರು ಅನ್ನುವ ಹಾಗಿಲ್ಲ, ಕಾಗೆ ಎಲ್ಲರ ಮನೆ ಮಾಡಿನ ಮೇಲೂ ಕೂಗುತ್ತದೆ. ತಿಥಿ ದಿನ ಪಿಂಡ ಇಟ್ಟು ನಾವು ಕರೆಯುವುದೂ "ಕಾ ಕಾ" ಅಂತಲೇ.

ತೋಟದಮನೆ:
ನಮ್ಮ ಮಲೆನಾಡಿನ ಕುಟ್ರು ಹಕ್ಕಿಯನ್ನು ಮರೆಯಬೇಡಿ. ಮೈಯೆಲ್ಲ ಎಲೆ ಬಣ್ಣ, ಕಣ್ಣಿಗೆ ಬೀಳುವುದು ಕಡಿಮೆ. ಬೇಸಿಗೆಯಲ್ಲಿ ಮಾತ್ರ ಬೆಳಗಿನಿಂದ "ಕುಟ್ರೂ ಕುಟ್ರೂ" ಅಂತ ತೋಟವನ್ನೇ ತುಂಬಿಬಿಡುತ್ತದೆ. ಕಿವಿಗೆ ಬಿದ್ದದ್ದೇ ಹೆಸರಾಯಿತು. ಕೋಗಿಲೆಯ ಹೆಸರೂ ಕೂಗಿನದ್ದೇ, ಆದರೆ ಅದು ಗಂಡಿನ ಕೂಗು. ಹೆಣ್ಣು ಕುಹೂ ಅನ್ನುವುದಿಲ್ಲ, ಕಿಕ್ ಕಿಕ್ ಅಂತ ಚೀರುತ್ತದೆ.

ಸದ್ದುಗಾರ:
ನನಗೆ ಹೆಸರಿಗಿಂತ ಕ್ರಿಯಾಪದಗಳೇ ಜಾಸ್ತಿ ಇಷ್ಟ. ಹಾವು ಬುಸುಗುಟ್ಟುತ್ತದೆ, ಕಪ್ಪೆ ವಟಗುಟ್ಟುತ್ತದೆ, ಹಲ್ಲಿ ಲೊಚಗುಟ್ಟುತ್ತದೆ. ಸದ್ದು ಹಿಡಿದು "ಗುಟ್ಟು" ಸೇರಿಸಿದರೆ ಮುಗಿಯಿತು. ಮಾತಿನ ಮಧ್ಯೆ ಹಲ್ಲಿ ಲೊಚಗುಟ್ಟಿದರೆ ನಮ್ಮಜ್ಜಿ ಬೆರಳಲ್ಲಿ ನೆಲ ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಿದ್ದರು, ಹೇಳಿದ ಮಾತು ನಿಜ ಅಂತ ಅದರ ಅರ್ಥ. ನೀವೂ ಒಮ್ಮೆ ನಿಧಾನಕ್ಕೆ "ಲೊಚ" ಅಂದು ನೋಡಿ, ನಾಲಿಗೆ ಅಂಗುಳಕ್ಕೆ ಎರಡು ಸಲ ತಾಗಿ ಬಿಡುತ್ತದೆ. ಇವೇ ಪದಗಳು ಮನುಷ್ಯರಿಗೂ ಬಂದವು: ಸಿಟ್ಟು ಬಂದವರು ಬುಸುಗುಟ್ಟುತ್ತಾರೆ, ಸುಮ್ನೆ ಮಾತಾಡುವವರು ವಟವಟ ಅನ್ನುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್! ಇದನ್ನೆಲ್ಲ ಓದಿ ಹೇಳಿದೆ. ಬೆಳಿಗ್ಗೆಯಿಂದ ಲೊಚ ಲೊಚ ಅನ್ನುತ್ತಾ ಓಡಾಡುತ್ತಿದ್ದಾಳೆ. ಈಗ ಅವಳ ಪ್ರಶ್ನೆ, ಚಿಂವ್ ಚಿಂವ್ ಅನ್ನುವ ಹಕ್ಕಿಗೆ ಗುಬ್ಬಿ ಅಂತ ಯಾಕೆ ಹೆಸರಿಟ್ಟರು? ಗೊತ್ತಿದ್ದವರು ಬರೆಯಿರಿ.