ತೈಲಬಾವಿಯ ಅನಿಲ ಸೋರಿಕೆ ತಪಾಸಣೆ ಕೆಲಸ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಶಿರಾ: ಟೆಕ್ಸಾಸಿನಲ್ಲಿ ಎಂ.ಎಸ್. ಮುಗಿಸಿರುವ ಮಗನಿಗೆ ಅಲ್ಲಿನ ತೈಲಬಾವಿಗಳಲ್ಲಿ ಮೀಥೇನ್ ಸೋರಿಕೆ ಹುಡುಕುವ ಕೆಲಸ ಸಿಗುವಂತಿದೆ. ಬರಿಗಣ್ಣಿಗೆ ಕಾಣದ ಅನಿಲವನ್ನು ತೋರಿಸುವ ಕ್ಯಾಮೆರಾದ ತರಬೇತಿಗೆ ಮೊದಲು ಸ್ವಂತ ಹಣ ಕಟ್ಟಬೇಕಂತೆ. ಸಾಲ ತೀರುವ ಮುನ್ನ, ಈ ತಪಾಸಣೆಯನ್ನು ಕಡ್ಡಾಯ ಮಾಡಿದ ನಿಯಮವೇ ರದ್ದಾದರೆ ಏನು ಗತಿ ಎಂಬ ಅಳುಕಿದೆ.

ತಿಪಟೂರು: ನಿಮ್ಮ ಅಳುಕು ನನ್ನ ಪಾಲಿಗೆ ನಿಜವಾಯಿತು. ಅಮೆರಿಕ ಸರ್ಕಾರದ 2016ರ ಮೀಥೇನ್ ನಿಯಮವನ್ನು ನಂಬಿ, ಎರಡು ಎಕರೆ ತೆಂಗಿನ ತೋಟ ಮಾರಿದ ಹಣಕ್ಕೆ ಅಲ್ಲಿನ ಬ್ಯಾಂಕಿನ ಸಾಲವನ್ನೂ ಸೇರಿಸಿ, ಸುಮಾರು ಒಂದು ಲಕ್ಷ ಡಾಲರಿನ ಇನ್‌ಫ್ರಾರೆಡ್ ಕ್ಯಾಮೆರಾ ಕೊಂಡು ಪಾಲುದಾರಿಕೆಯಲ್ಲಿ ತಪಾಸಣೆ ಆರಂಭಿಸಿದೆ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಮೀಥೇನ್ ಮಿತಿಯನ್ನೇ ತೆಗೆದುಹಾಕಿತು. ಅನಿಲ ಸಾಗಣೆ ಮತ್ತು ಸಂಗ್ರಹಣೆಯ ವಿಭಾಗಗಳು ನಿಯಮದಿಂದ ಹೊರಬಿದ್ದವು. ನನ್ನ ಗಿರಾಕಿಗಳೆಲ್ಲ ಅಲ್ಲೇ ಇದ್ದರು. ಅದೇ ತಿಂಗಳು ಕ್ಯಾಮೆರಾದೊಳಗಿನ ಶೈತ್ಯಯಂತ್ರ ಕೆಟ್ಟು 9,400 ಡಾಲರ್ ಹೋಯಿತು, ಆರು ವಾರ ಕೈ ಖಾಲಿ. 2021ರ ಜೂನಿನಲ್ಲಿ ಅಮೆರಿಕದ ಸಂಸತ್ತಿನ ನಿರ್ಣಯದಿಂದ ನಿಯಮ ಮರಳುವ ಹೊತ್ತಿಗೆ ಕ್ಯಾಮೆರಾವನ್ನು 31,000 ಡಾಲರಿಗೆ ಮಾರಿಯಾಗಿತ್ತು.

ಚಿಂತಾಮಣಿ: ತಿಪಟೂರಿನವರು ನಷ್ಟವನ್ನೆಲ್ಲ ನಿಯಮದ ತಲೆಗೆ ಕಟ್ಟುವುದು ಸರಿಯಲ್ಲ. ನಾನಿದ್ದ ಕೊಲೊರಾಡೋ ರಾಜ್ಯ 2014ರಲ್ಲೇ ಮೀಥೇನಿಗೆ ಸ್ವಂತ ನಿಯಮ ಮಾಡಿಕೊಂಡಿದ್ದರಿಂದ, ವಾಷಿಂಗ್ಟನ್ನಿನಲ್ಲಿ ಯಾರು ಬಂದರೂ ನನ್ನ ಸಂಬಳ ನಿಲ್ಲಲಿಲ್ಲ. ಚಳಿಗಾಲದಲ್ಲಿ ತೈಲ ತೊಟ್ಟಿಯ ಮೇಲೇರಿ ಮುಚ್ಚಳದ ರಬ್ಬರ್ ಪಟ್ಟಿ ನೋಡುವಾಗ ಬೆರಳು ಮರಗಟ್ಟುತ್ತಿತ್ತು ಎಂಬುದೂ, ಬೆಂಜೀನ್ ಆವಿಗೆ ತಲೆನೋವು ಹಿಡಿದು ಎರಡು ದಿನ ಮಲಗಿದ್ದೆ ಎಂಬುದೂ ನಿಜ. ಆದರೂ ಬೇಡದ ಅನಿಲವನ್ನು ಸುಡುವ, ಆದರೆ ಬೆಂಕಿ ಆರಿದ ಫ್ಲೇರ್ ಚಿಮಣಿಯಿಂದ ಉರಿಯದ ಮೀಥೇನ್ ಮೋಡದಂತೆ ಏಳುವುದನ್ನು ಪರದೆಯ ಮೇಲೆ ಮೊದಲ ಬಾರಿ ಕಂಡ ದಿನ, ಬರಿಗಣ್ಣಿಗೆ ಏನೂ ಕಾಣದ ಆ ಆಕಾಶವನ್ನು ಮತ್ತೆ ಮತ್ತೆ ನೋಡಿದೆ.

ಕೆಜಿಎಫ್: ಮೋಡ ಕಂಡಿತೆಂದು ಕುಣಿದರೆ ಸಾಲದು, ಎಷ್ಟು ಸೋರುತ್ತಿದೆಯೆಂದು ಆ ಕ್ಯಾಮೆರಾ ಹೇಳದು, ಹಿನ್ನೆಲೆಗೂ ಅನಿಲಕ್ಕೂ ಉಷ್ಣತೆಯ ವ್ಯತ್ಯಾಸವಿಲ್ಲದಿದ್ದರೆ ಮೋಡವೂ ಕಾಣದು. ನಾನು ಅಸ್ಸಾಮಿನಲ್ಲಿ ಹನ್ನೊಂದು ವರ್ಷ ಗಾಳಿ ಹೀರುವ ಮೂತಿಯಿರುವ ಅನಿಲ ಮೀಟರನ್ನು ಒಂದೊಂದು ವಾಲ್ವಿಗೂ ಹಿಡಿದು ಅಳೆದವನು. ಸೈನೈಡ್ ದಿಬ್ಬದ ಧೂಳು ಕುಡಿದು ಬೆಳೆದ ನಮಗೆ ಕಾಗದದ ಮೇಲಿನ ನಿಯಮದ ಬೆಲೆ ಗೊತ್ತು. ಅಸ್ಸಾಮಿನ ಬಾಗ್‌ಜಾನ್ ಬಾವಿಯಿಂದ 2020ರ ಮೇ 27ರಂದು ಚಿಮ್ಮಿದ ಅನಿಲಕ್ಕೆ ಜೂನ್ 9ರಂದು ಬೆಂಕಿ ಹತ್ತಿತು, ಅದನ್ನು ಆರಿಸುವಾಗ ನವೆಂಬರ್ ಬಂದಿತ್ತು.

ಚಿಂತಾಮಣಿ: ಬಾವಿ ಸ್ಫೋಟಕ್ಕೂ ವಾಲ್ವ್ ಸೋರಿಕೆಗೂ ಏನು ಸಂಬಂಧ ಸ್ವಾಮಿ? ನಿಮ್ಮ ಮೀಟರ್ ತೋರಿಸುವುದೂ ಗಾಳಿಯಲ್ಲಿನ ಸಾಂದ್ರತೆಯನ್ನೇ ಹೊರತು ಸೋರಿದ ಪ್ರಮಾಣವನ್ನಲ್ಲ. ತಾವು ಒಂದು ವಾಲ್ವ್ ಮುಗಿಸುವಷ್ಟರಲ್ಲಿ ನಾನು ಇಡೀ ಅಂಗಳ ನೋಡಿರುತ್ತಿದ್ದೆ.

ಕೆಜಿಎಫ್: ನೋಡಿರುತ್ತೀರಿ, ಅಳೆದಿರುವುದಿಲ್ಲ.

ತಿಪಟೂರು: ಇಬ್ಬರ ಉಪಕರಣವೂ ಹಳತಾಗುತ್ತಿದೆ. ಅಮೆರಿಕದ 2024ರ ಮಾರ್ಚಿನ ನಿಯಮ ಗಂಟೆಗೆ 100 ಕಿಲೋಗ್ರಾಂ ಮೀರಿದ ಮೀಥೇನ್ ಸೋರಿಕೆಯನ್ನು ಮಾನ್ಯತೆ ಪಡೆದ ಹೊರಗಿನವರು ಉಪಗ್ರಹ, ವಿಮಾನಗಳಿಂದ ಪತ್ತೆಹಚ್ಚಿ ವರದಿ ಮಾಡಲು ದಾರಿ ಮಾಡಿತು. ಅದರ ಹಲವು ಗಡುವುಗಳನ್ನೂ 2025ರಲ್ಲಿ ಮುಂದೂಡಿದರು. ಕೊಲೊರಾಡೋದ ಸಂಬಳದ ಕಥೆಯನ್ನು ಟೆಕ್ಸಾಸಿಗೆ ಹೊರಟ ಹುಡುಗನ ತಂದೆಗೆ ಹೇಳುವವರು, ಆ ರಾಜ್ಯದಲ್ಲಿ ಅಂಥ ನಿಯಮವಿದೆಯೇ ಎಂಬುದನ್ನೂ ಹೇಳಬೇಕಿತ್ತು.