ಡ್ಯಾಡೋ ಸೆಟ್ ತರಲೋ ಬೇಡವೋ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ತೋಟ ಪಾಲಾದಾಗಲೂ ಇಷ್ಟು ಮಾತು ನಡೆದಿರಲಿಲ್ಲ. ಮೂರು ಮನೆಯವರು ಸೇರಿ ಕೊಂಡ 10 ಇಂಚಿನ ಟೇಬಲ್ ಸಾ (ಮೇಜಿನ ಸೀಳಿನಿಂದ ದುಂಡು ಬ್ಲೇಡ್ ಮೇಲೆದ್ದು ತಿರುಗುವ ಗರಗಸದ ಯಂತ್ರ) ಚಿಕ್ಕಮಗಳೂರಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿದೆ. ಹಣ ಹಾಕಿದವರು ಆಲ್ದೂರಿನ ದೊಡ್ಡಪ್ಪ, ಹಾಸನದ ಅಕ್ಕ-ಭಾವ ಮತ್ತು ನಾನು. ಚಿಕ್ಕಪ್ಪ ಹಣ ಹಾಕಿಲ್ಲ, ಸಲಹೆ ಹಾಕುತ್ತಾರೆ. ಅವರ ಸಲಹೆ ಹಣಕ್ಕಿಂತ ಹೆಚ್ಚು ಬಾಳುತ್ತದೆ ಎನ್ನುವುದೂ ನಿಜ. ‘ತಮ್ಮ’ ಎಂದರೆ ದೊಡ್ಡಪ್ಪನ ಮಗ, ಅಮೆರಿಕದಿಂದ ದೀಪಾವಳಿಗೆ ಬರುವವನು. ಅತ್ತೆ ಕಳುಹಿಸಿದ ಸೂರ್ಯೋದಯದ ಚಿತ್ರಗಳನ್ನು ತೆಗೆದು ಉಳಿದದ್ದನ್ನು ಇಲ್ಲಿ ಹಾಕಿದ್ದೇನೆ.

ತಮ್ಮ: ಸೂಟ್‌ಕೇಸಿನಲ್ಲಿ ಜಾಗವಿದೆ. ನಮ್ಮ ಟೇಬಲ್ ಸಾಗೆ 8 ಇಂಚಿನ ಡ್ಯಾಡೋ ಬ್ಲೇಡ್ ಸೆಟ್ ತರಲೇ? ಹಾಸನದ ಅಕ್ಕನ ಪುಸ್ತಕದ ಕಪಾಟಿಗೆ ಒಂದೇ ಸಲಕ್ಕೆ ಪೂರ್ತಿ ಅಗಲದ ತೋಡು ಬೀಳುತ್ತದೆ.

ಭಾವ: ತಾರಪ್ಪ, ತಾ. ಒಳ್ಳೆಯ ಕಂಪನಿಯದನ್ನೇ ತಾ. ಖರ್ಚನ್ನು ಮೂರು ಪಾಲು ಮಾಡೋಣ.

ಅತ್ತೆ: ಅದು ಏನು? ಅಡುಗೆಮನೆಗೆ ಬರುತ್ತದೆಯೇ?

ತಮ್ಮ: ಇಲ್ಲ ಅತ್ತೆ. ಕಪಾಟಿನ ಅಡ್ಡಹಲಗೆ ಬಂದು ಕೂರಲು ಪಕ್ಕದ ಹಲಗೆಯಲ್ಲಿ ಕಚ್ಚು ಹಾಕುತ್ತೇವಲ್ಲ, ಅದನ್ನು ಕೊರೆಯುವ ಬ್ಲೇಡುಗಳ ಜೋಡಣೆ. ಹೊರಗಡೆ ಎರಡು ಪೂರ್ತಿ ಬ್ಲೇಡ್, ನಡುವೆ ಚಿಪ್ಪರ್ ಎನ್ನುವ ಎರಡು ಅಥವಾ ನಾಲ್ಕು ಹಲ್ಲಿನ ಬಿಲ್ಲೆಗಳು. ಎಷ್ಟು ಬಿಲ್ಲೆ ಸೇರಿಸುತ್ತೇವೋ ಅಷ್ಟು ಅಗಲ. ಕಾಲು ಇಂಚಿನಿಂದ 13/16 ಇಂಚಿನವರೆಗೆ ಹೋಗಬಹುದು. ಕೂದಲೆಳೆಯಷ್ಟು ಬೇಕಾದರೆ ನಡುವೆ ಶಿಮ್ ಎನ್ನುವ ತೆಳು ಬಿಲ್ಲೆ ಹಾಕಬೇಕು.

ದೊಡ್ಡಪ್ಪ: ನಮ್ಮ ಮನೆಯ ಹಳೆಯ ಬೀರುವಿನ ಕಚ್ಚುಗಳನ್ನು ಆಚಾರಿ ಕೈಗರಗಸದಲ್ಲಿ ಎರಡು ಗೆರೆ ಎಳೆದು, ನಡುವಿನದನ್ನು ಉಳಿಯಲ್ಲಿ ತೆಗೆದ. ಇನ್ನೂ ಅಲುಗಿಲ್ಲ. ಅಷ್ಟಕ್ಕೂ ಪ್ಲೈವುಡ್ ಏಕೆ? ತೋಟದ ಸಿಲ್ವರ್ ಓಕ್ ಹಲಗೆ ಒಣಗಿ ಬಿದ್ದಿದೆ.

ಅಕ್ಕ: ದೊಡ್ಡಪ್ಪ, ಪ್ಲೈವುಡ್ ಮನೆಗೆ ಬಂದು ಗೋಡೆಗೆ ಒರಗಿ ನಿಂತಿದೆ. ಹಣವೂ ಕೊಟ್ಟಾಗಿದೆ. ಸಿಲ್ವರ್ ಓಕ್ ಮುಂದಿನ ಸಲ.

ಚಿಕ್ಕಪ್ಪ: 8 ಇಂಚು ಬೇಡ, 6 ಇಂಚು ಸಾಕು. ನಮ್ಮ ಯಂತ್ರದ ಸಣ್ಣ ಮೋಟಾರಿಗೆ ಅಷ್ಟು ಭಾರದ ಉಕ್ಕು ತಿರುಗಿಸುವುದು ಶಿಕ್ಷೆ. ಲೆಕ್ಕ ಹಾಕಿ ನೋಡಿ: 10 ಇಂಚಿನ ಬ್ಲೇಡ್ ಮೇಜಿನ ಮೇಲೆ 79 ಮಿ.ಮೀ. ಏಳುತ್ತದೆ. 6 ಇಂಚಿನದರ ತ್ರಿಜ್ಯ ಅದಕ್ಕಿಂತ 2 ಇಂಚು ಕಡಿಮೆ, ಆದ್ದರಿಂದ 28 ಮಿ.ಮೀ. ಏಳುತ್ತದೆ. ಕಪಾಟಿಗೆ ಬೇಕಾದ ಆಳ ಹಲಗೆಯ ದಪ್ಪದ ಮೂರನೇ ಒಂದು ಪಾಲು, ಅಂದರೆ 6 ಮಿ.ಮೀ. ಇರುವೆಯನ್ನು ಹೊಡೆಯಲು ಆನೆ ಏಕೆ?

ಭಾವ: ಒಂದು ಸಲ ಕೊಳ್ಳುವುದು, ದೊಡ್ಡದನ್ನೇ ಕೊಳ್ಳೋಣ ಚಿಕ್ಕಮಾವ.

ಚಿಕ್ಕಪ್ಪ: ಟ್ರ್ಯಾಕ್ಟರ್ ಕೊಳ್ಳುವಾಗಲೂ ಹೀಗೆಯೇ ಹೇಳಿದಿರಿ.

(ಟ್ರ್ಯಾಕ್ಟರ್ ಚರ್ಚೆಯನ್ನು ಬಿಟ್ಟಿದ್ದೇನೆ. ಅದು ಪ್ರತಿ ವರ್ಷ ನಡೆಯುತ್ತದೆ.)

ದೊಡ್ಡಪ್ಪ: ಒಂದೇ ಬ್ಲೇಡನ್ನು ಓರೆಯಾಗಿ ಕೂರಿಸಿ ತಿರುಗಿಸುವ ಬಗೆಯೂ ಇದೆಯಂತೆ. ಬೆಲೆ ಕಡಿಮೆ.

ತಮ್ಮ: ಅದು ವಾಬಲ್ ಬಗೆ ಅಪ್ಪ. ಬ್ಲೇಡ್ ಅತ್ತಿತ್ತ ಓಲಾಡುತ್ತಾ ಅಗಲ ಮಾಡುತ್ತದೆ. ಆದರೆ ತೋಡಿನ ತಳ ಸಪಾಟಾಗಿ ಬರುವುದಿಲ್ಲ, ಬಾಗಿರುತ್ತದೆ. ಅಡ್ಡಹಲಗೆಯ ತುದಿ ನೇರ, ತಳ ಬಾಗು. ನಡುವೆ ಗಾಳಿ ಉಳಿಯುತ್ತದೆ. ಅಂಚಿನಲ್ಲಿ ಪ್ಲೈವುಡ್ಡಿನ ಮೇಲ್ಪದರವೂ ಕಿತ್ತುಬರುತ್ತದೆ.

ಇಷ್ಟರಲ್ಲಿ 6 ಇಂಚೋ 8 ಇಂಚೋ ಎಂದು ಗುಂಪು ಎರಡಾಗಿತ್ತು. ಯಂತ್ರದ ಬಳಿ ಹೋಗಿ ನೋಡುವ ಮಾತನ್ನು ಯಾರೂ ಎತ್ತಲಿಲ್ಲ. ಶೆಡ್ಡು ನನ್ನ ಮನೆಯ ಹಿಂದೆ ಇರುವುದರಿಂದ ಆ ಕೆಲಸ ನನಗೆ ಬಂತು. ಪ್ಲಗ್ ಕಿತ್ತು, ಬ್ಲೇಡ್ ಬಿಚ್ಚಿ, ಸೂಕ್ಷ್ಮ ಅಳತೆಯ ವರ್ನಿಯರ್ ಹಿಡಿದೆ.

ನಾನು: ಎಲ್ಲರೂ ಒಂದು ನಿಮಿಷ ನಿಲ್ಲಿ. ಬ್ಲೇಡ್ ಕೂರುವ ದಂಡ, ಅಂದರೆ ಆರ್ಬರ್, ನಮ್ಮದರಲ್ಲಿ 30 ಮಿ.ಮೀ. ತಮ್ಮಾ, ಅಲ್ಲಿಯ ಡ್ಯಾಡೋ ಸೆಟ್ಟಿನ ನಡುವಿನ ರಂಧ್ರ ಎಷ್ಟು?

ತಮ್ಮ: 5/8 ಇಂಚು.

ನಾನು: 15.88 ಮಿ.ಮೀ. ಆಯಿತು. ನಮ್ಮ ದಂಡದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ರಂಧ್ರ ದೊಡ್ಡದಿದ್ದರೆ ಒಳಗೊಂದು ಬಳೆ, ಅಂದರೆ ಬುಷ್, ಹಾಕಿ ಚಿಕ್ಕದು ಮಾಡಬಹುದಿತ್ತು. ಇದು ತಿರುಗುಮುರುಗು.

ಭಾವ: ಅದಕ್ಕೇನು, ಹಾಸನದಲ್ಲಿ ಲೇತ್ ಇಟ್ಟಿರುವ ಪರಿಚಯದವರಿದ್ದಾರೆ. ರಂಧ್ರ ದೊಡ್ಡದು ಮಾಡಿಕೊಡುತ್ತಾರೆ.

ಚಿಕ್ಕಪ್ಪ: ಒಂದು ಬ್ಲೇಡಾದರೆ ಯೋಚಿಸಬಹುದಿತ್ತು. ಇಲ್ಲಿ ಎರಡು ಬ್ಲೇಡ್, ನಾಲ್ಕೈದು ಚಿಪ್ಪರ್, ಮೇಲೆ ಶಿಮ್‌ಗಳು. ಪ್ರತಿಯೊಂದರ ಕೇಂದ್ರವೂ ಒಂದೇ ಕಡೆ ಬರಬೇಕು. ಒಂದು ಚಿಪ್ಪರ್ ಕೂದಲೆಳೆ ಆಚೆ ಸರಿದರೂ ಅದರ ಹಲ್ಲು ಉಳಿದವುಗಳಿಗಿಂತ ಆಳಕ್ಕೆ ಇಳಿಯುತ್ತದೆ, ಇಡೀ ಗುಚ್ಛ ನಡುಗುತ್ತದೆ. ಕಾರ್ಬೈಡ್ ಹಲ್ಲು ಬೆಸೆದ ಬ್ಲೇಡನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸುವುದಕ್ಕೆ ಅಂದಾಜಿನ ಕೆಲಸ ಆಗದು. ಲೇತಿನವರು ಕೈಗೆ ಕೊಟ್ಟದ್ದನ್ನು ಕೊರೆದು ಕೊಡುತ್ತಾರೆ, ಅದರ ಮುಂದೆ ನಿಲ್ಲುವವಳು ಇವಳು.

ನಾನು: ರಂಧ್ರ ಸರಿಮಾಡಿದರೂ ಮುಗಿಯುವುದಿಲ್ಲ ಭಾವ. ಆರ್ಬರ್ ಗಿಡ್ಡ. ಒಳಗಿನ ವಾಷರಿನಿಂದ ನಟ್ ಪೂರ್ತಿ ಎಳೆ ಹಿಡಿಯುವವರೆಗೆ ಅಳೆದರೆ ಸಿಗುವುದು 8 ಮಿ.ಮೀ. ಜಾಗ. ಒಂದು ಬ್ಲೇಡಿಗೆ ಧಾರಾಳ. 18 ಮಿ.ಮೀ. ಗುಚ್ಛ ಹಾಕಿದರೆ ನಟ್ ಅರ್ಧ ಸುತ್ತೂ ಹಿಡಿಯುವುದಿಲ್ಲ. ಮೇಜಿನ ಬಾಯಿಗೆ ಮುಚ್ಚುವ ಇನ್‌ಸರ್ಟ್ ಪಟ್ಟಿಯ ಸೀಳೂ ಒಂದು ಬ್ಲೇಡಿಗೆ ಮಾತ್ರ.

ತಮ್ಮ: ನನ್ನದಕ್ಕೆ ಹಿಡಿಯುತ್ತದಲ್ಲ! ಡಿವಾಲ್ಟ್ ಡಿಡಬ್ಲ್ಯೂಇ 7491 ಆರ್‌ಎಸ್. 8 ಇಂಚಿನ ಸೆಟ್, 13/16 ಇಂಚಿನವರೆಗೆ.

ಚಿಕ್ಕಪ್ಪ: ನಿನ್ನದು ಅಲ್ಲಿಯ ಮಾರುಕಟ್ಟೆಗೆ ಮಾಡಿದ್ದು. ಇಲ್ಲಿ ನಮ್ಮ ಕೈಗೆ ಬಂದಿರುವುದು ಯುರೋಪಿನ ಮಾದರಿ: 230 ವೋಲ್ಟ್, 30 ಮಿ.ಮೀ. ರಂಧ್ರ, ಗಿಡ್ಡ ಆರ್ಬರ್. ಯುರೋಪಿನಲ್ಲಿ ಡ್ಯಾಡೋ ಹಾಕುವ ರೂಢಿ ಕಡಿಮೆ, ಸ್ವಿಚ್ ಆರಿಸಿದ ಕೂಡಲೇ ಬ್ಲೇಡ್ ಬೇಗ ನಿಲ್ಲಬೇಕೆಂಬ ನಿಯಮವೂ ಇದೆ. ಭಾರದ ಗುಚ್ಛ ತಿರುಗುವಾಗ ಬ್ರೇಕ್ ಹಿಡಿದರೆ ನಟ್ ಸಡಿಲವಾಗುವ ಅಪಾಯ. ಅಮೆರಿಕದಲ್ಲಿಯೂ ಎಲ್ಲ ಯಂತ್ರ ಒಂದೇ ಅಲ್ಲ. ನಿನ್ನ ಕಂಪನಿಯ ಚಿಕ್ಕ ಯಂತ್ರ ಡಿಡಬ್ಲ್ಯೂಇ 7480ಕ್ಕೆ ಡ್ಯಾಡೋ ಹಾಕುವ ಹಾಗಿಲ್ಲ.

ತಮ್ಮ: ಹಾಗಾದರೆ ನನ್ನ ಯಂತ್ರವನ್ನೇ ತರಲೇ?

ಚಿಕ್ಕಪ್ಪ: 120 ವೋಲ್ಟಿನದನ್ನು ತಂದು, ಅದಕ್ಕೊಂದು ಟ್ರಾನ್ಸ್‌ಫಾರ್ಮರ್ ಕೊಂಡು, ಆಮೇಲೆ ಬಿಡಿಭಾಗಕ್ಕೆ ನಿನಗೆ ಫೋನ್ ಮಾಡುವುದೇ? ಸುಮ್ಮನಿರು.

ಅತ್ತೆ: ಸೂಟ್‌ಕೇಸಿನಲ್ಲಿ ಜಾಗ ಉಳಿಯಿತು ಎಂದಾಯಿತಲ್ಲವೇ? ಬಾದಾಮಿ ತರಲಿ.

ಭಾವನಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ವಾದವೂ ಪೂರ್ತಿ ತಪ್ಪಲ್ಲ, ಹಾಗಾಗಿ ಇಡೀ ಸಂದೇಶವನ್ನೇ ಹಾಕುತ್ತೇನೆ.

ಭಾವ: ಯಂತ್ರಕ್ಕೆ ಅಷ್ಟು ಹಣ ಹಾಕಿದ್ದೇವೆ. ಅದು ಹಲಗೆ ಸೀಳುವುದಕ್ಕೆ ಮಾತ್ರ ಎಂದಾದರೆ ಮರದ ಮಿಲ್ಲಿಗೆ ಹೋಗಬಹುದಿತ್ತು. ಕಪಾಟಿಗೆ ಒಂದು ಪಕ್ಕಕ್ಕೆ ಆರು ಕಚ್ಚು, ಎರಡು ಪಕ್ಕಕ್ಕೆ ಹನ್ನೆರಡು. ಮಾಮೂಲಿ ಬ್ಲೇಡಿನಲ್ಲಿ ಒಂದು ಕಚ್ಚಿಗೆ ಆರೇಳು ಸಲ ತಳ್ಳಬೇಕು. ಪ್ರತಿ ಸಲವೂ ಅಳತೆ ಕೆಡುವ ಸಂಭವ. ಒಂದೇ ಸಲಕ್ಕೆ ಮುಗಿಯುವ ಉಪಾಯ ಕೇಳಿದರೆ ಎಲ್ಲರೂ ಆಗದು ಎನ್ನುತ್ತೀರಿ. ಆಗುವುದು ಯಾವುದು, ಹೇಳಿ.

ನಾನು: ಹೇಳುತ್ತೇನೆ. ಅದಕ್ಕೆ ಮೊದಲು ಅಕ್ಕ ಆ ಪ್ಲೈವುಡ್ಡಿನ ದಪ್ಪ ಅಳೆಯಲಿ. ಟೇಪ್ ಬೇಡ, ಭಾವನ ಮೇಜಿನ ಮೇಲಿರುವ ವರ್ನಿಯರ್ ತೆಗೆದುಕೊಳ್ಳಲಿ.

ಅಕ್ಕ: ಬಿಲ್ಲಿನಲ್ಲಿ 18 ಎಂದಿದೆ. ವರ್ನಿಯರ್ 17.4 ತೋರಿಸುತ್ತಿದೆ. ಇನ್ನೊಂದು ಹಾಳೆ 17.6.

ನಾನು: ಮುಕ್ಕಾಲು ಇಂಚು ಎಂದರೆ 19.05. ಅಷ್ಟು ಅಗಲದ ತೋಡಿನಲ್ಲಿ 17.4ರ ಹಲಗೆ ನಿಲ್ಲಿಸಿದರೆ ಒಂದೂವರೆ ಮಿ.ಮೀ. ಅಲುಗಾಡುತ್ತದೆ. ಡ್ಯಾಡೋ ಸೆಟ್ ಇದ್ದರೂ ಪ್ರತಿ ಹಾಳೆಗೆ ಶಿಮ್ ಬದಲಿಸಿ, ಚೂರಿನ ಮೇಲೆ ಕೊರೆದು ನೋಡುವುದು ತಪ್ಪುತ್ತಿರಲಿಲ್ಲ. ಇನ್ನು ಕಪಾಟಿನ ಎತ್ತರ ಆರೂವರೆ ಅಡಿ. ಅಷ್ಟುದ್ದದ ಹಲಗೆಯನ್ನು ನಮ್ಮ ಪುಟ್ಟ ಮೇಜಿನ ಮೇಲೆ ಅಡ್ಡವಾಗಿ ಹಿಡಿದು ತಳ್ಳಿದರೆ ಒಂದು ತುದಿ ಶೆಡ್ಡಿನ ಗೋಡೆಗೆ, ಇನ್ನೊಂದು ಗಾಳಿಗೆ. ಹಲಗೆ ಸ್ವಲ್ಪ ಓರೆಯಾದರೂ ಬ್ಲೇಡ್ ಅದನ್ನು ಎದೆಗೆ ಎಸೆಯುತ್ತದೆ. ಇಷ್ಟು ಉದ್ದದ್ದಕ್ಕೆ ಮರವನ್ನು ಯಂತ್ರದ ಬಳಿ ಒಯ್ಯಬಾರದು, ಯಂತ್ರವನ್ನು ಮರದ ಬಳಿ ತರಬೇಕು. ಚಿಕ್ಕಪ್ಪನ ರೂಟರ್, ಅಂದರೆ ಕೈಯಲ್ಲಿ ಹಿಡಿದು ಮರದಲ್ಲಿ ತೋಡು ಕೊರೆಯುವ ಯಂತ್ರ, ಬೇಕು.

ಚಿಕ್ಕಪ್ಪ: ನಾನು ಅದನ್ನೇ ಹೇಳುವವನಿದ್ದೆ.

ದೊಡ್ಡಪ್ಪ: ಹೇಳಲಿಲ್ಲವಲ್ಲ.

ಚಿಕ್ಕಪ್ಪ: ಯಾರೂ ಕೇಳಲಿಲ್ಲ ಅಣ್ಣ. ಈಗ ಕೇಳಿ. ಹಲಗೆಯ ಮೇಲೆ ಎರಡು ನೇರವಾದ ಪಟ್ಟಿ ಇಡಬೇಕು. ನಡುವೆ ಅಡ್ಡಹಲಗೆಯದೇ ಒಂದು ಚೂರು ನಿಲ್ಲಿಸಿ, ಎರಡೂ ಪಟ್ಟಿಯನ್ನು ಅದಕ್ಕೆ ಒತ್ತಿ ಕ್ಲಾಂಪ್ ಬಿಗಿದು, ಚೂರನ್ನು ತೆಗೆದುಬಿಡಬೇಕು. ಉಳಿದ ಸಂದು 17.4 ಇದ್ದರೆ 17.4, 17.6 ಇದ್ದರೆ 17.6. ಅಳತೆಯ ಅಂಕಿಯೇ ಬೇಡ. ರೂಟರಿನಲ್ಲಿ ತಿರುಗುವ ಅಲಗಿಗೆ, ಅಂದರೆ ಬಿಟ್‌ಗೆ, ಮೇಲ್ಗಡೆ ಬೇರಿಂಗ್ ಇರಬೇಕು. ಆ ಬೇರಿಂಗ್ ಪಟ್ಟಿಗೆ ತಾಗಿಕೊಂಡು ಓಡುತ್ತದೆ, ಬಿಟ್ ಕೆಳಗೆ ಅಷ್ಟೇ ಅಗಲ ಕೊರೆಯುತ್ತದೆ. ಒಂದು ಪಟ್ಟಿಗೆ ತಾಗಿ ಹೋಗಿ ಇನ್ನೊಂದಕ್ಕೆ ತಾಗಿ ಮರಳುವುದು, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ. 6 ಮಿ.ಮೀ. ಆಳವನ್ನು 3 ಮತ್ತು 3 ಎಂದು ಎರಡು ಸಲಕ್ಕೆ ತೆಗೆಯಬೇಕು. ಎರಡು ಪಕ್ಕದ ಹಲಗೆಗಳನ್ನೂ ಅಕ್ಕಪಕ್ಕ ಮಲಗಿಸಿ ಒಟ್ಟಿಗೇ ಕೊರೆದರೆ ಹನ್ನೆರಡು ಕಚ್ಚಿಗೆ ಆರೇ ಸಲ ಪಟ್ಟಿ ಕಟ್ಟುವುದು, ಎಡಬಲದ ಎತ್ತರವೂ ಒಂದೇ ಬರುತ್ತದೆ.

ಭಾವ: ಈ ಕೊನೆಯ ಮಾತು ಚೆನ್ನಾಗಿದೆ.

ನಾನು: ಹಿಂಬದಿಯ 6 ಮಿ.ಮೀ. ಪ್ಲೈವುಡ್ಡಿಗೆ ಉದ್ದನೆಯ ತೋಡು ಬೇಕಲ್ಲ, ಅದನ್ನು ಟೇಬಲ್ ಸಾನಲ್ಲಿಯೇ ಮಾಡೋಣ. ಮಾಮೂಲಿ ಬ್ಲೇಡು 2.8 ಮಿ.ಮೀ. ಕೊರೆಯುತ್ತದೆ. ಒಮ್ಮೆ ತಳ್ಳಿ, ಹಲಗೆ ಒರಗಿ ಸಾಗುವ ಪಟ್ಟಿಯನ್ನು, ಅಂದರೆ ಫೆನ್ಸನ್ನು, ಸ್ವಲ್ಪ ಸ್ವಲ್ಪ ಸರಿಸುತ್ತಾ ಇನ್ನೆರಡು ಸಲ ತಳ್ಳಿದರೆ ಆಯಿತು. ಆ ಕೆಲಸಕ್ಕೆ ಮೇಲಿನ ಗಾರ್ಡ್ ತೆಗೆಯಬೇಕು, ಬ್ಲೇಡಿನ ಹಿಂದೆ ನಿಲ್ಲುವ ತಗಡು, ರೈವಿಂಗ್ ನೈಫ್, ತೆಗೆಯಬೇಕಿಲ್ಲ. ನಮ್ಮದರಲ್ಲಿ ಅದನ್ನು ಬ್ಲೇಡಿನ ತುದಿಗಿಂತ ಕೆಳಕ್ಕೆ ಇಳಿಸಿ ಕೂರಿಸಬಹುದು. ಆದರೆ ಇಳಿಸುವುದಕ್ಕೆ ಮೊದಲು ಅದು ಇರಬೇಕು. ಕಳೆದ ಸಲ ಯಂತ್ರ ಬಳಸಿದವರು ಅದನ್ನು ಎಲ್ಲಿ ಇಟ್ಟಿದ್ದಾರೆ?

ಗುಂಪು ಒಂದು ಗಂಟೆ ಮೌನವಾಗಿತ್ತು. ಎಲ್ಲರ ಹೆಸರಿನ ಮುಂದೂ ನೀಲಿ ಗುರುತು ಬಂದಿತ್ತು.

ಅಕ್ಕ: ಇವರೇ ಬಳಸಿದ್ದು.

ಭಾವ: ಬಿಚ್ಚಿದ್ದು ನಾನೇ. ಆದರೆ ಒಂದು ಡಬ್ಬಿಯಲ್ಲಿ ಹಾಕಿ ದೊಡ್ಡಮಾವನ ಜೀಪಿನಲ್ಲಿ ಕಳುಹಿಸಿದ್ದೆ, ಶೆಡ್ಡಿನಲ್ಲಿ ಇಡಿ ಎಂದು.

ದೊಡ್ಡಪ್ಪ: ಆ ಡಬ್ಬಿಯೇ? ಕಾಫಿ ಗೋದಾಮಿನಲ್ಲಿದೆ. ಮೊಳೆ ಇದೆ ಎಂದುಕೊಂಡಿದ್ದೆ. ಸೋಮವಾರ ಪೇಟೆಗೆ ಬರುವಾಗ ತರುತ್ತೇನೆ.

ನಾನು: ಅದು ಬರುವವರೆಗೆ ಯಂತ್ರಕ್ಕೆ ಬೀಗ. ಕೊರೆದ ಸೀಳು ಬ್ಲೇಡಿನ ಹಿಂದೆ ಮುಚ್ಚಿಕೊಂಡು ಹಿಡಿಯದಂತೆ ಕಾಯುವುದು ಆ ಒಂದು ತಗಡು. ಅದಿಲ್ಲದೆ ಯಾರ ಹಲಗೆಯನ್ನೂ ಸೀಳಿಕೊಡುವುದಿಲ್ಲ, ಪಾಲು ಎಷ್ಟೇ ಹಾಕಿರಲಿ.

ಚಿಕ್ಕಪ್ಪ: ಸರಿ. ತಮ್ಮಾ, ನೀನು ಬ್ಲೇಡ್ ಬದಲು ಬಿಟ್ ತಾ. ಬರೆದುಕೊ: ಬೇರಿಂಗ್ ಮೇಲೆ, ಬಿಟ್ಟಿನ ವ್ಯಾಸ ಅರ್ಧ ಇಂಚು, ಕೊರೆಯುವ ಅಲಗಿನ ಉದ್ದವೂ ಅರ್ಧ ಇಂಚು. ಒಂದು ಇಂಚಿನ ಅಲಗು ತರಬೇಡ. ಪಟ್ಟಿಯ ದಪ್ಪ 18, ಕೊರೆಯುವ ಆಳ 6. ಉದ್ದ ಅಲಗಾದರೆ ಬೇರಿಂಗ್ ಪಟ್ಟಿಯನ್ನು ದಾಟಿ ಮೇಲೆ ಹೋಗುತ್ತದೆ, ತಾಗಲು ಏನೂ ಇರುವುದಿಲ್ಲ, ಬಿಟ್ ಪಟ್ಟಿಯನ್ನೇ ತಿನ್ನುತ್ತದೆ.

ತಮ್ಮ: ಹಿಡಿಕೆ ಎಷ್ಟು? ಇಲ್ಲಿ ಕಾಲು ಇಂಚು, ಅರ್ಧ ಇಂಚು ಎರಡೂ ಸಿಗುತ್ತವೆ.

ಚಿಕ್ಕಪ್ಪ: ಕಾಲು ಇಂಚು.

ನಾನು: ಚಿಕ್ಕಪ್ಪ, ಬಿಟ್ಟಿನ ಹಿಡಿಕೆಯನ್ನು ಬಿಗಿಯುವ ರೂಟರಿನ ಬಾಯಿ, ಕೋಲೆಟ್, ನೋಡಿ ಹೇಳಿದಿರಾ? 6 ಮಿ.ಮೀ. ಕೋಲೆಟ್ಟೂ ಬರುತ್ತದೆ, 6.35 ಕೂಡ ಬರುತ್ತದೆ. ಕಾಲು ಇಂಚು ಎಂದರೆ 6.35. ಆರರಲ್ಲಿ ಅದು ಇಳಿಯುವುದಿಲ್ಲ.

ಚಿಕ್ಕಪ್ಪ: ನೋಡುತ್ತೇನೆ.

ಚಿಕ್ಕಪ್ಪ: 6.35 ಎಂದೇ ಕೆತ್ತಿದೆ. ಚಿತ್ರ ಹಾಕಿದ್ದೇನೆ.

ತಮ್ಮ: ಹಾಗಾದರೆ ಎರಡು ತರುತ್ತೇನೆ. ಪ್ಲೈವುಡ್ಡಿನ ಅಂಟು ಅಲಗನ್ನು ಬೇಗ ಮೊಂಡು ಮಾಡುತ್ತದೆ.

ಭಾವ: ಇದರ ಖರ್ಚು ಮೂರು ಪಾಲೋ ನಾಲ್ಕು ಪಾಲೋ? ರೂಟರ್ ಚಿಕ್ಕಮಾವನದು, ಬಿಟ್ ಅವರ ಬಳಿಯೇ ಉಳಿಯುತ್ತದೆ.

ಚಿಕ್ಕಪ್ಪ: ಬಾಡಿಗೆ ಕೇಳದೆ ರೂಟರ್ ಕೊಡುತ್ತಿದ್ದೇನೆ.

ಅಕ್ಕ: ಕಪಾಟು ನನ್ನದು, ಹಣ ನಾನು ಕೊಡುತ್ತೇನೆ. ಬಿಟ್ ನನ್ನ ಬಳಿ ಇರುತ್ತದೆ. ಬೇಕಾದವರು ಹಾಸನಕ್ಕೆ ಬಂದು ಕೇಳಿ ಒಯ್ಯಲಿ.

ಅತ್ತೆ: ಬಾದಾಮಿ ಎರಡು ಕಿಲೋ.