ದೊಡ್ಡ ವ್ಯವಸ್ಥೆಗೆ ಹ್ಯಾಸ್ಕೆಲ್: ಬಳಸಿದವರ ಅನುಭವವೇನು?

ಪ್ರಶ್ನೆ, ತುಮಕೂರಿನಿಂದ: ವಸಂತನರಸಾಪುರದ ಕಾರ್ಖಾನೆಯೊಂದಕ್ಕಾಗಿ ನಮ್ಮ ತಂಡ ನೋಡಿಕೊಳ್ಳುತ್ತಿರುವ, ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ಬರೆದ ತಂತ್ರಾಂಶವು ಯಂತ್ರಗಳಿಂದ ಒತ್ತಡ, ಉಷ್ಣತೆಗಳ ಮಾಹಿತಿ ಪಡೆದು, ಎಚ್ಚರಿಕೆಯ ನಿಯಮಗಳನ್ನು ಅನ್ವಯಿಸಿ, ವರದಿ ಸಿದ್ಧಪಡಿಸುತ್ತದೆ. ಈಗ ಅದಕ್ಕೆ ಕೈಹಾಕಲು ಎಲ್ಲರೂ ಹಿಂಜರಿಯುತ್ತಾರೆ. ಇಡಿಯಾಗಿ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬದಲಾಯಿಸಬಹುದೇ? ಬಳಸಿದವರು ದಯವಿಟ್ಟು ತಿಳಿಸಿ.

ಕೋಲಾರದಿಂದ: ಸರ್, ಇಡಿಯಾಗಿ ಬೇಡ, ನಿಯಮಗಳ ಭಾಗವನ್ನಷ್ಟೇ ತೆಗೆದುಕೊಳ್ಳಿ. ಫೇಸ್‌ಬುಕ್ ಸಂಸ್ಥೆಯು 2015ರಲ್ಲಿ ವಿವರಿಸಿದಂತೆ, ಸ್ಪ್ಯಾಮ್ ತಡೆಯುವ ಸಿಗ್ಮಾ ವ್ಯವಸ್ಥೆಯಲ್ಲಿ ಹ್ಯಾಸ್ಕೆಲ್‌ಗೆ ಬಂದದ್ದು ಅವರದೇ ಎಫ್‌ಎಕ್ಸ್‌ಎಲ್ ಭಾಷೆಯಲ್ಲಿದ್ದ ನಿಯಮಗಳು; ಸರ್ವರ್ ಹಾಗೂ ಇತರ ಸೇವೆಗಳನ್ನು ಸಂಪರ್ಕಿಸುವ ಭಾಗಗಳು ಸಿ ಪ್ಲಸ್ ಪ್ಲಸ್‌ನಲ್ಲೇ ಉಳಿದವು. ಸೆಕೆಂಡಿಗೆ 10 ಲಕ್ಷಕ್ಕೂ ಹೆಚ್ಚು ಕೋರಿಕೆಗಳನ್ನು ನಿಭಾಯಿಸುವವರೇ ಪೂರ್ತಿ ಕೆಡವಿ ಕಟ್ಟಲಿಲ್ಲ.

ನಮಗೆ ಹೆಚ್ಚು ಪ್ರಯೋಜನ ಕಂಡದ್ದು ಅಳತೆಯ ಮಾನಗಳಲ್ಲಿ. ಕೆಲವು ಗೇಜ್‌ಗಳು ಬಾರ್‌ನಲ್ಲಿಯೂ ಕೆಲವು ಪಿಎಸ್‌ಐನಲ್ಲಿಯೂ ಒತ್ತಡ ತೋರಿಸುತ್ತವೆ. 1 ಬಾರ್ ಎಂದರೆ ಸುಮಾರು 14.5 ಪಿಎಸ್‌ಐ, ಆದರೆ ಹಳೆಯ ಕೋಡಿಗೆ ಎರಡೂ ಬರಿಯ ಡಬಲ್, ಅಂದರೆ ಮಾನವಿಲ್ಲದ ದಶಮಾಂಶ ಸಂಖ್ಯೆ. ಹ್ಯಾಸ್ಕೆಲ್‌ನ ನ್ಯೂಟೈಪ್ ಸೌಲಭ್ಯದ ಮೂಲಕ ಎರಡಕ್ಕೂ ಬೇರೆ ಬೇರೆ ಟೈಪ್ (ಮೌಲ್ಯದ ಬಗೆ) ಕೊಟ್ಟ ಮೇಲೆ, ಒಂದನ್ನು ಇನ್ನೊಂದರೊಂದಿಗೆ ಕೂಡಿಸುವ ಸಾಲು ಕಂಪೈಲ್ (ಓಡುವ ಪ್ರೋಗ್ರಾಂ ಆಗಿ ಪರಿವರ್ತನೆ) ಆಗುವುದೇ ಇಲ್ಲ, ಮತ್ತು ಇದಕ್ಕಾಗಿ ಪ್ರೋಗ್ರಾಂ ನಿಧಾನವಾಗುವುದೂ ಇಲ್ಲ.

ಚಿಕ್ಕಬಳ್ಳಾಪುರದಿಂದ: ಮೇಲಿನವರ ಸಲಹೆಗೆ ನನ್ನ ಸಹಮತವಿದೆ, ಆದರೆ ಮೆಮೊರಿಯ ವಿಷಯವನ್ನು ಮೊದಲೇ ಪರೀಕ್ಷಿಸಿ. ಹ್ಯಾಸ್ಕೆಲ್ ಒಂದು ಲೆಕ್ಕದ ಫಲಿತಾಂಶ ಬೇಕಾಗುವ ತನಕ ಆ ಲೆಕ್ಕವನ್ನು ಮುಂದೂಡುತ್ತದೆ. ಪ್ರತಿ ಮೀಟರಿನ ಓದುಗಳನ್ನು ಎಣಿಸಲು ಸಾಮಾನ್ಯ ಮ್ಯಾಪ್ (ಪ್ರತಿ ಹೆಸರಿಗೆ ಒಂದು ಮೌಲ್ಯವನ್ನು ಇಡುವ ಪಟ್ಟಿ) ಬಳಸಿ, ಆ ಎಣಿಕೆಯನ್ನು ಪಾಳಿ ಮುಗಿಯುವವರೆಗೆ ಯಾರೂ ಕೇಳದಿದ್ದರೆ, ಅಲ್ಲಿ ಸಂಖ್ಯೆಯ ಬದಲು "ಒಂದು ಕೂಡಿಸು, ಇನ್ನೊಂದು ಕೂಡಿಸು" ಎಂಬ ಮುಗಿಯದ ಕೆಲಸಗಳ ಸರಪಳಿ ಬೆಳೆಯುತ್ತಾ ಹೋಗುತ್ತದೆ. ಲೆಕ್ಕವನ್ನು ಮುಂದೂಡದೆ ಕೂಡಲೇ ಮಾಡುವ, ಮ್ಯಾಪ್‌ನ ಸ್ಟ್ರಿಕ್ಟ್ ಆವೃತ್ತಿಯನ್ನು ಆಮದು ಮಾಡಿಕೊಂಡರೆ ಇದು ನಿಲ್ಲುತ್ತದೆ. ಕೋಡಿನಲ್ಲಿ ಬದಲಾಗುವುದು ಬಹುತೇಕ ಒಂದೇ ಸಾಲು. ಸಣ್ಣ ಮಾದರಿಯಲ್ಲಿ ಈ ದೋಷ ಕಾಣಿಸದಿರುವುದರಿಂದ, ಹೀಪ್ ಪ್ರೊಫೈಲ್ (ಮೆಮೊರಿ ಬಳಕೆಯ ವಿವರ) ತೆಗೆಯದೆ ಯಾವ ನಿರ್ಧಾರಕ್ಕೂ ಬರಬೇಡಿ. ದೊಡ್ಡ ಪ್ರಾಜೆಕ್ಟ್ ಕಂಪೈಲ್ ಆಗಲು ಹಿಡಿಯುವ ಸಮಯವೂ ತಾಳ್ಮೆ ಕೆಡಿಸುವಂಥದ್ದೇ.

ತುಮಕೂರಿನಿಂದ ಇನ್ನೊಬ್ಬರು: ಕೋಲಾರದವರ ಮಾತಿಗೆ ಒಂದು ಸೇರ್ಪಡೆ. ಹ್ಯಾಸ್ಕೆಲ್‌ನಿಂದ ಹಳೆಯ ಕೋಡನ್ನು ಕರೆಯುವುದು ಸಿ ಭಾಷೆಯ ಫಂಕ್ಷನ್‌ಗಳ ಮೂಲಕ; ಬಾರ್, ಪಿಎಸ್‌ಐ ಎಂಬ ಟೈಪ್‌ಗಳು ಆ ಸಿ ಕಡೆಗೆ ದಾಟುವುದಿಲ್ಲ. ಅಲ್ಲಿ ಮತ್ತೆ ಎಲ್ಲವೂ ಡಬಲ್. ಆದ್ದರಿಂದ ಎರಡು ಭಾಷೆಗಳ ನಡುವಿನ ಗಡಿ ಒಂದೇ ಮಾಡ್ಯೂಲ್‌ನಲ್ಲಿರಲಿ. ಅಲ್ಲಿಂದ ಕರೆಯುವ ಸಿ ಫಂಕ್ಷನ್ ಉತ್ತರಕ್ಕಾಗಿ ಕಾಯುವಂಥದ್ದಾದರೆ ಅದನ್ನು ಹ್ಯಾಸ್ಕೆಲ್‌ನಲ್ಲಿ ಅನ್‌ಸೇಫ್ (ವೇಗದ ಕರೆಯ ಗುರುತು) ಎಂದು ಘೋಷಿಸಬೇಡಿ, ಏಕೆಂದರೆ ಆ ಕರೆ ಮುಗಿಯುವವರೆಗೆ ಗಾರ್ಬೇಜ್ ಕಲೆಕ್ಷನ್ (ಬೇಡದ ಮೆಮೊರಿಯನ್ನು ತೆರವುಗೊಳಿಸುವ ಕೆಲಸ) ನಡೆಯಲಾಗದೆ, ಜೊತೆಯಲ್ಲೇ ಓಡುತ್ತಿರುವ ಉಳಿದ ಥ್ರೆಡ್‌ಗಳೂ ನಿಲ್ಲಬಹುದು.

ಹ್ಯಾಸ್ಕೆಲ್ ಬಲ್ಲವರು ನಮ್ಮ ಊರಿನಲ್ಲಿ ಸುಲಭವಾಗಿ ಸಿಗುವುದಿಲ್ಲ, ಇರುವವರಿಗೇ ಕಲಿಸಬೇಕು. ಅವರು ಕಲಿಯುವಷ್ಟು ಕಾಲ ಹಳೆಯ ತಂತ್ರಾಂಶವೂ ಹೊಸ ನಿಯಮಗಳೂ ಅದೇ ಮಾಹಿತಿಯ ಮೇಲೆ ಜೊತೆಯಾಗಿ ಓಡಲಿ, ಉತ್ತರಗಳು ಬೇರೆಯಾದ ಕಡೆಯಷ್ಟೇ ಕುಳಿತು ನೋಡಿ, ಮತ್ತು ಅಲ್ಲಿಯವರೆಗೆ ಎಚ್ಚರಿಕೆಯ ಗಂಟೆ ಹಳೆಯದರಿಂದಲೇ ಬಾರಿಸಲಿ.